ಪಾದರಸ ಹುಡುಕುವುದಾದರೆ ನೀರಿನಲ್ಲಲ್ಲ, ಕೆಸರಿನಲ್ಲಿ ಮತ್ತು ಮೀನಿನಲ್ಲಿ

ಹೊಳೆಯ ನೀರಿನ ಬಣ್ಣ ಕೆಟ್ಟಾಗ, ಅಳಿವೆಯ ಹತ್ತಿರ ಹೊಸ ಕಾರ್ಖಾನೆಯ ಪೈಪು ಕಂಡಾಗ ಊರಿನವರು ಮೊದಲು ಮಾಡುವ ಕೆಲಸ ಒಂದೇ. ಖಾಲಿ ಬಾಟಲಿಗೆ ನೀರು ತುಂಬಿ ಲ್ಯಾಬಿಗೆ ಕೊಡುತ್ತಾರೆ. ವಾರ ಬಿಟ್ಟು ವರದಿ ಬರುತ್ತದೆ. ಪಾದರಸದ ಎದುರು ‘ಬಿಡಿಎಲ್’ ಎಂದಿರುತ್ತದೆ, ಅಂದರೆ ಯಂತ್ರ ಹಿಡಿಯಬಲ್ಲ ಮಟ್ಟಕ್ಕಿಂತ ಕೆಳಗೆ. ಅರ್ಧ ಊರು ನೆಮ್ಮದಿಯಾಗುತ್ತದೆ. ಇನ್ನರ್ಧ ಊರು ಲ್ಯಾಬಿನವರು ದುಡ್ಡು ತಿಂದಿದ್ದಾರೆ ಎನ್ನುತ್ತದೆ. ಎರಡೂ ಸರಿಯಲ್ಲ. ಲ್ಯಾಬಿನವರು ನಿಜವನ್ನೇ ಬರೆದಿರಬಹುದು, ಹೊಳೆಯಲ್ಲಿ ಪಾದರಸವೂ ಇರಬಹುದು. ಕೇಳಬೇಕಾದ ಜಾಗದಲ್ಲಿ ಕೇಳಿಲ್ಲ, ಅಷ್ಟೆ.

ಹೊಳೆದಂಡೆಯಲ್ಲೋ ಕಡಲತಡಿಯಲ್ಲೋ ಇದ್ದು ಮೀನು ತಿನ್ನುವವರು, ಮನೆಯಲ್ಲಿ ಬಸುರಿಯೋ ಎಳೆಮಕ್ಕಳೋ ಇರುವವರು, ಊರಿನ ಪರವಾಗಿ ಅರ್ಜಿ ಹಿಡಿದು ಓಡಾಡುವವರು ಏನು ಮಾಡಬಹುದು ಎಂಬುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಅವಸರವಿದ್ದವರು ನೇರ ಮೂರನೆಯ ಹೆಜ್ಜೆಗೆ ಹೋಗಿ. ಅಡುಗೆಮನೆಯ ಲೆಕ್ಕ ಅಲ್ಲಿದೆ.

ಹೆಜ್ಜೆ 1: ಪಾದರಸ ಎಲ್ಲಿ ಕೂರುತ್ತದೆ ಎಂದು ತಿಳಿಯಿರಿ

ಶುದ್ಧ ಕಡಲಿನಲ್ಲಿ ಲೀಟರ್ ನೀರಿಗೆ ಒಂದು ನ್ಯಾನೊಗ್ರಾಂ (ಮಿಲಿಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು) ಅಥವಾ ಅದಕ್ಕೂ ಕಡಿಮೆ ಪಾದರಸ ಇರುತ್ತದೆ. ಸಾಮಾನ್ಯ ಲ್ಯಾಬಿನ ಪತ್ತೆ ಮಿತಿ ಲೀಟರ್‌ಗೆ 0.001 ಮಿಲಿಗ್ರಾಂ ಎಂದುಕೊಳ್ಳಿ, ಅದು 1,000 ನ್ಯಾನೊಗ್ರಾಂ. ಇರಬೇಕಾದ್ದಕ್ಕಿಂತ ನೂರು ಪಟ್ಟು ಹೆಚ್ಚು ಕೆಟ್ಟ ಹೊಳೆಯ ನೀರೂ ಆ ಯಂತ್ರದ ಕಣ್ಣಿಗೆ ‘ಬಿಡಿಎಲ್’ ಆಗಿಯೇ ಕಾಣುತ್ತದೆ.

ನೀರಿಗೆ ಬಿದ್ದ ಪಾದರಸ ನೀರಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸಣ್ಣ ಮಣ್ಣಿನ ಕಣಕ್ಕೆ, ಕೊಳೆತ ಎಲೆಗಳಿಗೆ ಅಂಟಿಕೊಂಡು ತಳಕ್ಕಿಳಿಯುತ್ತದೆ. ಹೊಳೆಯ ವೇಗ ಕಡಿಮೆಯಾಗಿ, ಸಿಹಿನೀರಿಗೆ ಉಪ್ಪುನೀರು ಸೇರುವ ಅಳಿವೆಯಲ್ಲಿ ಈ ಕೆಸರು ಹೆಚ್ಚು ಕೂರುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕಪ್ಪು, ನಾತ ಹೊಡೆಯುವ ಕೆಸರಿನಲ್ಲಿ ಆಮ್ಲಜನಕ ಇರುವುದಿಲ್ಲ. ಅಂಥಲ್ಲಿ ಬದುಕುವ, ಕಡಲ ನೀರಿನ ಸಲ್ಫೇಟನ್ನೇ ಉಸಿರಾಟಕ್ಕೆ ಬಳಸುವ ಬ್ಯಾಕ್ಟೀರಿಯಾಗಳು ಸಾದಾ ಪಾದರಸವನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅಪಾಯಕಾರಿ ರೂಪ ಇದೇ. ಕೆಸರಿನ ಹುಳು ಅದನ್ನು ತಿನ್ನುತ್ತದೆ, ಹುಳುವನ್ನು ಸಣ್ಣ ಮೀನು, ಅದನ್ನು ದೊಡ್ಡ ಮೀನು. ಒಂದೊಂದು ಮೆಟ್ಟಿಲು ಏರಿದಂತೆ ಪ್ರಮಾಣ ಹೆಚ್ಚುತ್ತ ಹೋಗಿ, ನೀರಿನಲ್ಲಿದ್ದದ್ದಕ್ಕಿಂತ ಹತ್ತು ಲಕ್ಷ ಪಟ್ಟು ಹೆಚ್ಚು ಪಾದರಸ ಬೇಟೆಗಾರ ಮೀನಿನ ಮಾಂಸದಲ್ಲಿ ಸಿಗಬಹುದು.

ಇನ್ನೊಂದು ಮಾತು. ಮೀನು ರಾಶಿ ರಾಶಿ ಸತ್ತು ತೇಲಿದರೆ ಪಾದರಸವನ್ನು ಅನುಮಾನಿಸಬೇಡಿ. ಅದು ಸಾಮಾನ್ಯವಾಗಿ ಆಮ್ಲಜನಕದ ಕೊರತೆ ಅಥವಾ ಬೇರೆ ವಿಷ. ಪಾದರಸ ತುಂಬಿದ ಮೀನು ಆರೋಗ್ಯವಾಗಿಯೇ ಈಜಾಡುತ್ತಿರುತ್ತದೆ. ರುಚಿ, ವಾಸನೆ, ಕಿವಿರಿನ ಕೆಂಪು ಯಾವುದರಲ್ಲೂ ಗುರುತು ಸಿಗದು.

ಜಪಾನಿನ ಮಿನಮಾಟ ಕೊಲ್ಲಿಯಲ್ಲಿ ಆದದ್ದು ಇದೇ. ಚಿಸ್ಸೊ ಕಂಪನಿಯ ಕಾರ್ಖಾನೆ 1932ರಿಂದ 1968ರವರೆಗೆ ಪಾದರಸವಿದ್ದ ತ್ಯಾಜ್ಯವನ್ನು ಬಿಟ್ಟಿತು. 1956ರ ಮೇ 1ರಂದು ಕಾಯಿಲೆ ಅಧಿಕೃತವಾಗಿ ದಾಖಲಾದಾಗ ಮೀನುಗಾರರ ಮಕ್ಕಳಿಗೆ ನಡೆಯಲು, ಮಾತಾಡಲು ಆಗುತ್ತಿರಲಿಲ್ಲ. ಊರಿನ ಬೆಕ್ಕುಗಳಂತೂ ಅದಕ್ಕೂ ಮೊದಲೇ ಹುಚ್ಚು ಹಿಡಿದಂತೆ ಕುಣಿದು ಸತ್ತಿದ್ದವು. ತ್ಯಾಜ್ಯ ನಿಂತ ಮೇಲೂ ಕೆಸರು ಅಲ್ಲೇ ಇತ್ತು. 1977ರಿಂದ 1990ರವರೆಗೆ ಕೆಸರೆತ್ತಿ, 58 ಹೆಕ್ಟೇರ್ ಕಡಲನ್ನೇ ಮುಚ್ಚಿ ನೆಲ ಮಾಡಿದರು. ಮೀನು ಹೊರಹೋಗದಂತೆ ಕೊಲ್ಲಿಗೆ ಅಡ್ಡ ಕಟ್ಟಿದ್ದ ಬಲೆ ತೆಗೆದದ್ದು 1997ರಲ್ಲಿ. ನಲ್ಲಿ ತಿರುಗಿಸಿ ನಿಲ್ಲಿಸಿದಷ್ಟು ಸುಲಭಕ್ಕೆ ಇದು ಮುಗಿಯದು ಎಂಬುದಕ್ಕೆ ಈ ಇಸವಿಗಳೇ ಸಾಕು.

ಹೆಜ್ಜೆ 2: ನಿಮ್ಮ ಹೊಳೆಯ ಮೇಲ್ಭಾಗದಲ್ಲಿ ಏನಿದೆ, ಏನಿತ್ತು

‘ಏನಿತ್ತು’ ಎಂಬುದೇ ಮುಖ್ಯ. ಮುಚ್ಚಿದ ಕಾರ್ಖಾನೆ, ತಂತ್ರಜ್ಞಾನ ಬದಲಿಸಿದ ಕಾರ್ಖಾನೆ, ಹಳೆಯ ತ್ಯಾಜ್ಯದ ಗುಡ್ಡೆ ಇವನ್ನು ಹುಡುಕಿ.

ಮೊದಲ ಸ್ಥಾನ ಕಾಸ್ಟಿಕ್ ಸೋಡಾ ಕಾರ್ಖಾನೆಗಳದ್ದು. ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಕ್ಲೋರಿನ್, ಕಾಸ್ಟಿಕ್ ಸೋಡಾ ಮಾಡುವಾಗ ಹಿಂದೆ ಪಾದರಸದ ಸೆಲ್ ಬಳಸುತ್ತಿದ್ದರು. ಒಡಿಶಾದ ಗಂಜಾಂನಲ್ಲಿ ಋಷಿಕುಲ್ಯಾ ನದಿಯ ಅಳಿವೆಯ ಪಕ್ಕದಲ್ಲೇ 1967ರಲ್ಲಿ ಶುರುವಾದ ಅಂಥ ಕಾರ್ಖಾನೆಯ ಸುತ್ತ ಮಣ್ಣು, ಗಿಡ, ಮೀನುಗಳಲ್ಲಿ ಪಾದರಸ ಸಿಕ್ಕಿದ್ದನ್ನು ವಿಜ್ಞಾನಿಗಳು ವರ್ಷಗಟ್ಟಲೆ ದಾಖಲಿಸಿದ್ದಾರೆ. ಈಗ ದೇಶದ ಈ ಉದ್ಯಮ ಪಾದರಸ ಬೇಡದ ಮೆಂಬ್ರೇನ್ ಸೆಲ್‌ಗೆ ಬದಲಾಗಿದೆ. ಬದಲಾದ ಮೇಲೆ ಹಳೆಯ ಸೆಲ್‌ಗಳ ಪಾದರಸ ಎಲ್ಲಿಗೆ ಹೋಯಿತು, ಉಪ್ಪುನೀರಿನಿಂದ ಉಳಿದ ಪಾದರಸದ ಕೆಸರನ್ನು ಎಲ್ಲಿ ಹೂತರು ಎಂದು ಕೇಳುವವರು ಮಾತ್ರ ಕಡಿಮೆ. ನಮ್ಮ ಕಾರವಾರದ ಬಿಣಗಾದಲ್ಲೂ ದಶಕಗಳಿಂದ ಕಾಸ್ಟಿಕ್ ಸೋಡಾ ಕಾರ್ಖಾನೆ ಇದೆ. ಅಂಥ ಯಾವುದೇ ಊರಿನವರು ಇಂದಿನ ವರದಿಯ ಜೊತೆಗೆ ಹಳೆಯ ಕಡತವನ್ನೂ ಕೇಳುವುದು ನ್ಯಾಯ.

ಎರಡನೆಯದು ಕಲ್ಲಿದ್ದಲು. ಅದರಲ್ಲಿ ಸಹಜವಾಗಿಯೇ ಪಾದರಸದ ಅಂಶ ಇರುತ್ತದೆ. ಸುಟ್ಟಾಗ ಆವಿಯಾಗಿ ಹೋಗಿ ಮಳೆಯೊಂದಿಗೆ ಇಳಿಯುತ್ತದೆ, ಸ್ವಲ್ಪ ಬೂದಿಯಲ್ಲಿ ಉಳಿಯುತ್ತದೆ. 2015ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಉಷ್ಣ ವಿದ್ಯುತ್ ಸ್ಥಾವರಗಳ ಚಿಮಣಿಗೆ ಪಾದರಸದ ಮಿತಿ ಹಾಕಿತು: ಘನಮೀಟರ್‌ಗೆ 0.03 ಮಿಲಿಗ್ರಾಂ. ಅಂಥ ಸ್ಥಾವರಗಳಿರುವ ಕೃಷ್ಣೆಯ ದಂಡೆಯ ಶಕ್ತಿನಗರದವರು, ಉಡುಪಿ ಜಿಲ್ಲೆಯ ಎಲ್ಲೂರಿನ ಸುತ್ತಲಿನವರು ಈ ಒಂದು ಅಂಕಿಯನ್ನು ನೆನಪಿಟ್ಟುಕೊಂಡರೆ ಸಾಕು.

ಇನ್ನುಳಿದವು ಥರ್ಮಾಮೀಟರ್ ಕಾರ್ಖಾನೆ (ಕೊಡೈಕೆನಾಲ್‌ನದ್ದು 2001ರಲ್ಲಿ ಮುಚ್ಚಿದರೂ ಮಣ್ಣಿನ ತಕರಾರು ಎರಡು ದಶಕ ಎಳೆಯಿತು), ಆಸ್ಪತ್ರೆಯ ತ್ಯಾಜ್ಯ, ಟ್ಯೂಬ್‌ಲೈಟ್ ಒಡೆದು ಬಿಸಾಡುವ ಕಸದ ಗುಡ್ಡೆ, ಪಾದರಸದಿಂದ ಚಿನ್ನ ತೆಗೆಯುವ ಸಣ್ಣ ಗಣಿಗಳು. ಇಡೀ ಜಗತ್ತಿನ ಲೆಕ್ಕ ಹಾಕಿದರೆ ಈ ಕೊನೆಯದೇ ಎಲ್ಲಕ್ಕಿಂತ ದೊಡ್ಡದು, ನಮ್ಮ ಕರಾವಳಿಯ ಮಟ್ಟಿಗೆ ಅಲ್ಲ.

ದೂರ ಇದೆಯಲ್ಲ ಎಂದು ಬಿಟ್ಟುಬಿಡಬೇಡಿ. ಜಪಾನಿನಲ್ಲೇ 1965ರಲ್ಲಿ ನೀಗಾಟದ ಅಗಾನೊ ನದಿಯ ದಂಡೆಯಲ್ಲಿ ಎರಡನೆಯ ಮಿನಮಾಟ ಬೆಳಕಿಗೆ ಬಂದಾಗ, ಕಾರ್ಖಾನೆ ಇದ್ದದ್ದು ಸುಮಾರು 60 ಕಿಲೋಮೀಟರ್ ಮೇಲೆ.

ಹೆಜ್ಜೆ 3: ಮೀನು ಬಿಡಬೇಡಿ, ಮೀನು ಬದಲಿಸಿ

ಪಾದರಸದ ಸುದ್ದಿ ಓದಿದ ಕೂಡಲೇ ಮೀನನ್ನೇ ಬಿಡುವವರಿದ್ದಾರೆ. ನನ್ನ ಪ್ರಕಾರ ಅದು ಮೀನು ತಿನ್ನುವುದಕ್ಕಿಂತ ದೊಡ್ಡ ತಪ್ಪು. ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಬೇಕಾದ ಒಮೆಗಾ-3, ಅಯೋಡಿನ್, ಪ್ರೋಟೀನ್ ಅಷ್ಟು ಅಗ್ಗಕ್ಕೆ ಬೇರೆಲ್ಲೂ ಸಿಗದು. ಮಾಡಬೇಕಾದ್ದು ಆಯ್ಕೆ.

ಲೆಕ್ಕ ಹೀಗಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ, ಕೃಷಿ ಸಂಸ್ಥೆಗಳ (ಎಫ್‌ಎಒ) ಜಂಟಿ ತಜ್ಞರ ಸಮಿತಿ 2003ರಲ್ಲಿ ಹಾಕಿದ ಮಿತಿ: ದೇಹದ ತೂಕದ ಪ್ರತಿ ಕಿಲೋಗೆ ವಾರಕ್ಕೆ 1.6 ಮೈಕ್ರೋಗ್ರಾಂ ಮೀಥೈಲ್ ಪಾದರಸ. ಹೊಟ್ಟೆಯಲ್ಲಿರುವ ಮಗುವನ್ನು ಗಮನದಲ್ಲಿಟ್ಟೇ ಹಾಕಿದ್ದು. 60 ಕೆ.ಜಿ. ತೂಕದ ಹೆಂಗಸಿಗೆ ವಾರಕ್ಕೆ 96 ಮೈಕ್ರೋಗ್ರಾಂ ಆಯಿತು.

ಈಗ ಮೀನಿನ ಕಡೆ ಬನ್ನಿ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಳೆದ ಸರಾಸರಿಯಲ್ಲಿ ಕೆ.ಜಿ.ಗೆ ಸಾರ್ಡೀನ್ 0.013 ಮಿಲಿಗ್ರಾಂ, ಅಟ್ಲಾಂಟಿಕ್ ಬಂಗುಡೆ 0.05, ಕಿಂಗ್ ಮ್ಯಾಕೆರೆಲ್ 0.73, ಶಾರ್ಕ್ 0.98. ಕಿಂಗ್ ಮ್ಯಾಕೆರೆಲ್ ನಮ್ಮ ಅಂಜಲ್‌ನ ಕುಲದ್ದೇ. ಅಲ್ಲಿನ ಅಂಕಿಯನ್ನು ನಮ್ಮ ಮೀನಿಗೆ ಹಾಗೇ ಹಚ್ಚುವಂತಿಲ್ಲ, ಆದರೆ ಯಾವುದು ಮೇಲೆ ಯಾವುದು ಕೆಳಗೆ ಎಂಬ ಸಾಲು ಬದಲಾಗದು. 0.73 ಇರುವ ಮೀನಿನ 131 ಗ್ರಾಂ ತಿಂದರೆ ಆ 96 ಮುಗಿಯಿತು. ಹೋಟೆಲಿನಲ್ಲಿ ತವೆಯ ಮೇಲೆ ಮಸಾಲೆ ಹಚ್ಚಿ ಕೊಡುವ ದಪ್ಪ ತುಂಡು ಒಂದು, ಹೆಚ್ಚೆಂದರೆ ಒಂದೂವರೆ. ಅದೇ 96 ತಲುಪಲು ಸಾರ್ಡೀನ್, ಅಂದರೆ ನಮ್ಮ ಬೂತಾಯಿ, ಏಳು ಕೆ.ಜಿ. ಮೀರಿ ತಿನ್ನಬೇಕು.

ಕರಾವಳಿಯ ಮಾರುಕಟ್ಟೆಯಲ್ಲಿ ದರದ ಪಟ್ಟಿ ಇದಕ್ಕೆ ಉಲ್ಟಾ ಇರುವುದು ತಮಾಷೆಯೇ ಸರಿ. ಬುಟ್ಟಿಯ ಬೂತಾಯಿ, ತಾರಲೆ, ಬಂಗುಡೆ, ಕಾಣೆ, ಸಿಗಡಿ ಇವನ್ನು ವಾರಕ್ಕೆ ಎರಡು ಮೂರು ಸಲ ಬಸುರಿಯೂ ನಿಶ್ಚಿಂತೆಯಿಂದ ತಿನ್ನಬಹುದು. ಮನೆಗೆ ಮಗಳು ಬಂದಿದ್ದಾಳೆ, ಒಳ್ಳೆ ಮೀನು ತರೋಣ ಎಂದು ಐದಾರು ಕೆ.ಜಿ.ಯ ಅಂಜಲ್ ತರುವವರು, ಅದರ ಬದಲು ಎರಡು ಕೆ.ಜಿ.ಯೊಳಗಿನದನ್ನು ತರಲಿ, ಅದೂ ಅಪರೂಪಕ್ಕೆ. ಒಂದೇ ಜಾತಿಯ ಮೀನಿನಲ್ಲೂ ವಯಸ್ಸಾದಂತೆ, ದೊಡ್ಡದಾದಂತೆ ಪಾದರಸ ಕೂಡುತ್ತ ಹೋಗುತ್ತದೆ.

ಕರಾವಳಿಯ ಹಲವೆಡೆ ಬಾಣಂತಿಗೆ ಹಾಲು ಹೆಚ್ಚಲೆಂದು ತಾಟೆ ಮೀನಿನ ಸಾರು ಕೊಡುತ್ತಾರೆ. ತಾಟೆ ಎಂದರೆ ಶಾರ್ಕ್. ಈ ರೂಢಿಯಲ್ಲಿ ಬಳಸುವುದು ಮರಿ ತಾಟೆ, ಅದರಲ್ಲಿ ದೊಡ್ಡ ತಾಟೆಯಷ್ಟು ಪಾದರಸ ಇರುವುದಿಲ್ಲ ಎಂಬುದು ನಿಜ. ಆದರೆ ಪೇಟೆಯಲ್ಲಿ ತುಂಡು ಮಾಡಿ ಮಾರುವಾಗ ಮರಿಯೋ ಮುದಿಯೋ ಯಾರಿಗೆ ಗೊತ್ತು? ಬಂಗುಡೆ ಸಾರು ಕೊಡಿ. ಅಜ್ಜಿಯನ್ನು ಒಪ್ಪಿಸುವುದು ನಿಮಗೆ ಬಿಟ್ಟದ್ದು.

ಒಳನಾಡಿನವರಿಗೆ: ಕಾಟ್ಲಾ, ರೋಹು ಕೆಳಮೆಟ್ಟಿಲಿನ ಮೀನುಗಳು, ಚಿಂತೆ ಕಡಿಮೆ. ಮಲಿನವಾದ ಕೆರೆ, ಹೊಳೆಗಳ ದೊಡ್ಡ ಕೊರವ, ಬಾಳೆಮೀನುಗಳು ಬೇಟೆಗಾರರು, ಅಲ್ಲಿ ಜಾಗ್ರತೆ. ಕಾರ್ಖಾನೆಯ ಪೈಪಿನ ಹತ್ತಿರ ತೆಗೆದ ಬಳಚು, ಪಚ್ಚಿಲೆಗಳನ್ನಂತೂ ಬಿಟ್ಟೇಬಿಡಿ. ಅವಕ್ಕೆ ಓಡಿಹೋಗಲು ಕಾಲಿಲ್ಲ, ಬಿದ್ದದ್ದನ್ನೆಲ್ಲ ಸೋಸುತ್ತ ಕೂತಿರುತ್ತವೆ.

ಅಡುಗೆಯಲ್ಲಿ ಕಳೆಯಬಹುದೇ? ಆಗದು. ಮೀಥೈಲ್ ಪಾದರಸ ಕೊಬ್ಬಿನಲ್ಲಿ ಅಲ್ಲ, ಮಾಂಸದ ಪ್ರೋಟೀನಿನಲ್ಲೇ ಬೆಸೆದುಕೊಂಡಿರುತ್ತದೆ. ಚರ್ಮ ಸುಲಿದರೂ, ಕೊಬ್ಬು ತೆಗೆದರೂ, ಹುಣಸೆ, ಮುರುಗಲು, ಅರಿಶಿನ ಹಾಕಿ ಕುದಿಸಿದರೂ ಹೋಗದು. ಹುರಿದಾಗ ನೀರು ಆರಿ ತೂಕ ಕಡಿಮೆಯಾಗುವುದರಿಂದ ಗ್ರಾಂ ಲೆಕ್ಕದಲ್ಲಿ ಪ್ರಮಾಣ ಹೆಚ್ಚೇ ಕಾಣುತ್ತದೆ. ಒಣಮೀನಿಗೂ ಇದೇ ಮಾತು.

ಸಮಾಧಾನದ ವಿಷಯ ಒಂದಿದೆ. ದೇಹಕ್ಕೆ ಸೇರಿದ ಮೀಥೈಲ್ ಪಾದರಸ ಸುಮಾರು 50 ದಿನಕ್ಕೆ ಅರ್ಧವಾಗುತ್ತದೆ. ಮಗು ಬೇಕೆಂದು ಯೋಚಿಸುತ್ತಿರುವವರು ಆರು ತಿಂಗಳು ಮೊದಲೇ ದೊಡ್ಡ ಬೇಟೆಗಾರ ಮೀನು ನಿಲ್ಲಿಸಿದರೆ, ಹಳೆಯ ಶೇಖರಣೆ ಹತ್ತರಲ್ಲಿ ಒಂದು ಪಾಲಿಗಿಂತ ಕೆಳಗಿಳಿದಿರುತ್ತದೆ.

ಹೆಜ್ಜೆ 4: ಪರೀಕ್ಷೆ ಮಾಡಿಸುವುದಾದರೆ

ಒಂದು ಪರೀಕ್ಷೆಗೆ ಮಾತ್ರ ದುಡ್ಡಿದ್ದರೆ ಮೀನಿಗೆ ಹಾಕಿ, ಎರಡಕ್ಕೆ ಇದ್ದರೆ ಕೆಸರಿಗೂ. ನೀರು ಕೊನೆಗೆ.

ಮೀನು ಆರಿಸುವಾಗ ಊರಿನಲ್ಲೇ ಹಿಡಿದ, ಊರಿನಲ್ಲೇ ಇರುವ ಬೇಟೆಗಾರ ಜಾತಿ ಬೇಕು. ಆಳಕಡಲಿಂದ ಬಂದ ಟ್ಯೂನಾ ನಿಮ್ಮ ಹೊಳೆಯ ಬಗ್ಗೆ ಏನೂ ಹೇಳದು. ಒಂದೇ ಜಾತಿಯ, ಹೆಚ್ಚು ಕಡಿಮೆ ಒಂದೇ ಅಳತೆಯ ನಾಲ್ಕೈದು ಮೀನು ತೆಗೆದುಕೊಳ್ಳಿ. ಸ್ಕೇಲ್ ಪಕ್ಕಕ್ಕಿಟ್ಟು ಫೋಟೊ ತೆಗೆಯಿರಿ. ಉದ್ದ, ತೂಕ, ದಿನಾಂಕ, ಹಿಡಿದ ಜಾಗ ಬರೆದಿಡಿ. ಉದ್ದ ಬರೆಯದ ವರದಿಯನ್ನು ಆಮೇಲೆ ಯಾವುದರ ಜೊತೆಗೂ ಹೋಲಿಸಲಾಗದು. ಬೆನ್ನಿನ ರೆಕ್ಕೆಯ ಕೆಳಗಿನ ಮಾಂಸವನ್ನು, ಚರ್ಮವಿಲ್ಲದೆ, ತೊಳೆದ ಸ್ಟೀಲ್ ಚಾಕುವಿನಲ್ಲಿ ಕತ್ತರಿಸಿ ನೂರು ಗ್ರಾಂನಷ್ಟು ಹೊಸ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಐಸಿನಲ್ಲಿಡಿ. ಕರುಳು, ರಕ್ತ ತಾಗಬಾರದು.

ಕೆಸರಿಗೆ: ಇಳಿತದ ಹೊತ್ತಿಗೆ ಹೋಗಿ, ಮೇಲಿನ ಎರಡು ಮೂರು ಸೆಂಟಿಮೀಟರ್ ನುಣುಪು ಕೆಸರು ಮಾತ್ರ ತೆಗೆಯಿರಿ. ಮರಳು ಬೇಡ, ಮರಳಿಗೆ ಪಾದರಸ ಅಷ್ಟಾಗಿ ಅಂಟುವುದಿಲ್ಲ. ಪೈಪಿನ ಹತ್ತಿರ ಒಂದು, ಕೆಳಗೆ ಒಂದು, ಪೈಪಿಗಿಂತ ಮೇಲೆ ಒಂದು. ಮೂರನೆಯದು ಇಲ್ಲದಿದ್ದರೆ ಎದುರಿನವರು ‘ಇದು ಇಲ್ಲಿನ ಮಣ್ಣಿನ ಗುಣ’ ಎಂದುಬಿಡುತ್ತಾರೆ. ಮಳೆಗಾಲ ಮುಗಿದು ಹೊಳೆ ತಿಳಿಯಾದ ಮೇಲೆ ತೆಗೆಯುವುದು ಉತ್ತಮ. ಆಷಾಢದ ನೆರೆಯಲ್ಲಿ ಎಲ್ಲಿಯ ಕೆಸರು ಎಲ್ಲಿಗೆ ಬಂದಿದೆಯೋ ಹೇಳಲಾಗದು.

ಲ್ಯಾಬಿಗೆ ಕೊಡುವ ಮೊದಲು ಮೂರು ಪ್ರಶ್ನೆ: ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಪಾದರಸಕ್ಕೂ ಇದೆಯೇ? ಕೋಲ್ಡ್ ವೇಪರ್ (ಪಾದರಸವನ್ನು ಬಿಸಿ ಮಾಡದೆ ಆವಿಯಾಗಿಸಿ ಅಳೆಯುವ) ವಿಧಾನವೇ? ಪತ್ತೆ ಮಿತಿ ಎಷ್ಟು? ಮೂರನೆಯದಕ್ಕೆ ತಡವರಿಸಿದರೆ ಬೇರೆ ಲ್ಯಾಬ್ ನೋಡಿ.

ಹೆಜ್ಜೆ 5: ವರದಿ ಓದುವುದು

ಮೊದಲು ಕಣ್ಣು ಹಾಯಿಸಬೇಕಾದ್ದು ಅಂಕಿಯ ಮೇಲಲ್ಲ, ಅದರ ಪಕ್ಕದ ಪದದ ಮೇಲೆ: ಒಣ ತೂಕವೋ ಹಸಿ ತೂಕವೋ. ಮೀನಿನಲ್ಲಿ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ನೀರು. ಒಣ ತೂಕದಲ್ಲಿ 0.9 ಮಿಲಿಗ್ರಾಂ ಎಂದಿದ್ದರೆ ಹಸಿ ತೂಕದಲ್ಲಿ ಅದು ಸುಮಾರು 0.2. ಪತ್ರಿಕೆಯ ತಲೆಬರಹಗಳು ಎಡವುವುದು ಇಲ್ಲೇ.

ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳಲ್ಲಿ ಮೀಥೈಲ್ ಪಾದರಸದ ಮಿತಿ ಕೆ.ಜಿ.ಗೆ 0.25 ಮಿಲಿಗ್ರಾಂ. ಅಂತರರಾಷ್ಟ್ರೀಯ ಆಹಾರ ಮಾನದಂಡ ಹಾಕುವ ಕೋಡೆಕ್ಸ್ 2018ರಲ್ಲಿ ಟ್ಯೂನಾಗೆ 1.2, ಶಾರ್ಕ್‌ಗೆ 1.6 ಎಂದು ಬಿಟ್ಟಿದೆ. ಅದು ವ್ಯಾಪಾರದ ಮಿತಿ, ಬಸುರಿಯ ತಟ್ಟೆಯ ಮಿತಿಯಲ್ಲ. 0.25 ಇರುವ, ಕಾನೂನಿಗೆ ಸರಿಯಾದ ಮೀನನ್ನೇ 60 ಕೆ.ಜಿ.ಯ ಹೆಂಗಸು ವಾರಕ್ಕೆ 384 ಗ್ರಾಂಗಿಂತ ಹೆಚ್ಚು ತಿಂದರೆ ಮೇಲಿನ 96ರ ಗೆರೆ ದಾಟುತ್ತಾಳೆ.

ಕೆಸರಿಗೆ ಅಮೆರಿಕದ ಕಡಲು, ವಾತಾವರಣದ ಸರ್ಕಾರಿ ಸಂಸ್ಥೆ ನೋವಾ ಬಳಸುವ ಎರಡು ಗೆರೆಗಳಿವೆ: ಕೆ.ಜಿ.ಗೆ 0.15 ಮಿಲಿಗ್ರಾಂಗಿಂತ ಕೆಳಗಿದ್ದರೆ ಜಲಚರಗಳಿಗೆ ತೊಂದರೆ ಅಪರೂಪ, 0.71 ದಾಟಿದರೆ ತೊಂದರೆ ಆಗಾಗ.

ಕಾರ್ಖಾನೆಯ ತ್ಯಾಜ್ಯನೀರಿಗೆ ಮಿತಿ ಲೀಟರ್‌ಗೆ 0.01 ಮಿಲಿಗ್ರಾಂ. ‘ಮಿತಿಯೊಳಗಿದೆ’ ಎಂದು ಅಧಿಕಾರಿ ಹೇಳಿದರೆ ಸುಮ್ಮನೆ ಗುಣಿಸಿ. ದಿನಕ್ಕೆ 10 ಲಕ್ಷ ಲೀಟರ್ ಬಿಡುವ ಕಾರ್ಖಾನೆ ಆ ಮಿತಿಯಲ್ಲೇ ನಿಂತರೂ ದಿನಕ್ಕೆ 10 ಗ್ರಾಂ, ವರ್ಷಕ್ಕೆ 3.65 ಕೆ.ಜಿ. ಪಾದರಸ ಹೊಳೆಗೆ ಬಿಟ್ಟಂತೆ. ಎಲ್ಲವೂ ಕಾನೂನುಬದ್ಧ.

ಹೆಜ್ಜೆ 6: ಮನುಷ್ಯರ ಪರೀಕ್ಷೆ

ಮೀನಿನಿಂದ ಬಂದದ್ದನ್ನು ರಕ್ತದಲ್ಲಿ ಅಥವಾ ಕೂದಲಿನಲ್ಲಿ ನೋಡಬೇಕು; ಮೂತ್ರದಲ್ಲಿ ಸಿಗುವುದು ಬಹುಪಾಲು ಆವಿಯಿಂದಲೋ ಲವಣದಿಂದಲೋ ಬಂದ ಪಾದರಸ. ಬಿಳುಪಿನ ಕ್ರೀಮು, ಪಾರದ (ಪಾದರಸ) ಸೇರಿದ ರಸೌಷಧಿ ಬಳಸುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ, ಇಲ್ಲದಿದ್ದರೆ ತಪ್ಪು ಹೊಳೆಯ ಮೇಲೆ ಬೀಳುತ್ತದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಬುಡದ ಮೂರು ಸೆಂಟಿಮೀಟರ್ ಹಿಂದಿನ ಮೂರು ತಿಂಗಳ ಊಟದ ಲೆಕ್ಕ ಹೇಳುತ್ತದೆ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುವುದು, ನಡೆಯುವಾಗ ತೂಗಾಡುವುದು, ಪಕ್ಕದ ನೋಟ ಕಿರಿದಾಗುವುದು ಕಂಡರೆ ನರರೋಗ ತಜ್ಞರ ಬಳಿ ಹೋಗಿ. ‘ಡಿಟಾಕ್ಸ್’ ಪುಡಿ, ಲೋಹವನ್ನು ದೇಹದಿಂದ ಹೊರಹಾಕುತ್ತದೆ ಎನ್ನುವ ಆನ್‌ಲೈನ್ ಕೀಲೇಶನ್ ಮಾತ್ರೆಗಳ ತಂಟೆ ಬೇಡ.

ಹೆಜ್ಜೆ 7: ಮನೆಯ ಪಾದರಸ ಹೊಳೆಗೆ ಹೋಗದಿರಲಿ

ಥರ್ಮಾಮೀಟರ್ ಒಡೆದರೆ ಕಿಟಕಿ ತೆರೆಯಿರಿ, ಮಕ್ಕಳನ್ನು ಹೊರಗೆ ಕಳಿಸಿ. ಪೊರಕೆ ಬೇಡ, ವ್ಯಾಕ್ಯೂಮ್ ಬೇಡವೇ ಬೇಡ. ಗಟ್ಟಿ ಕಾಗದದಿಂದ ಗುಂಡುಗಳನ್ನು ಒಂದುಗೂಡಿಸಿ, ಔಷಧಿ ಡ್ರಾಪರ್‌ನಿಂದ ಹೀರಿ, ಉಳಿದದ್ದನ್ನು ಟೇಪಿಗೆ ಅಂಟಿಸಿ, ಎಲ್ಲವನ್ನೂ ಬಿಗಿ ಮುಚ್ಚಳದ ಬಾಟಲಿಗೆ ಹಾಕಿ ಅಪಾಯಕಾರಿ ತ್ಯಾಜ್ಯವೆಂದು ಬೇರೆ ಕೊಡಿ. ಸಿಂಕಿಗೆ ತೊಳೆದುಬಿಟ್ಟರೆ ಅದು ಹೋಗುವುದು ಚರಂಡಿ ಹಿಡಿದು ಅಳಿವೆಗೆ.

ಹೆಜ್ಜೆ 8: ಅರ್ಜಿ, ದೂರು

ಮಾಹಿತಿ ಹಕ್ಕಿನಿಂದ ಶುರು ಮಾಡಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ. ಹಾಗಾಗಿ ಎಲ್ಲವನ್ನೂ ಒಂದರಲ್ಲೇ ತುರುಕಬೇಡಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಬೇರೆ ಬೇರೆಯಾಗಿ ಕೇಳಬೇಕಾದವು:

- ಜಲ ಕಾಯ್ದೆಯಡಿ ಕೊಟ್ಟ ಸಮ್ಮತಿಪತ್ರದ ಪ್ರತಿ, ಅದರಲ್ಲಿನ ಪಾದರಸದ ಷರತ್ತು
- ಕಳೆದ ಐದು ವರ್ಷದ ತ್ಯಾಜ್ಯನೀರಿನ ವರದಿಗಳು, ಪತ್ತೆ ಮಿತಿಯ ಸಮೇತ
- ಪಾದರಸದ ತಂತ್ರಜ್ಞಾನ ಯಾವ ವರ್ಷ ನಿಂತಿತು, ಉಳಿದ ಪಾದರಸ ಮತ್ತು ಕೆಸರು ಎಲ್ಲಿದೆ

ಮಾರುಕಟ್ಟೆಯ ಮೀನಿನ ಬಗ್ಗೆ ಅನುಮಾನವಿದ್ದರೆ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಗ್ರಾಹಕರೇ ಶುಲ್ಕ ಕಟ್ಟಿ ಫುಡ್ ಅನಲಿಸ್ಟ್‌ರಿಂದ ಪರೀಕ್ಷೆ ಮಾಡಿಸಬಹುದು. ಆದರೆ ಕೊಳ್ಳುವಾಗಲೇ ಮಾರುವವರಿಗೆ ಹಾಗೆಂದು ಹೇಳಿರಬೇಕು. ನಿಯಮ ಮೀರಿದ್ದು ಸಾಬೀತಾದರೆ ಶುಲ್ಕ ವಾಪಸ್. ಹೀಗೆ ಹೇಳುವಾಗ ಬುಟ್ಟಿ ಹೊತ್ತು ಬಂದ ಮೀನುಗಾರ್ತಿಯ ಮೇಲೆ ಹರಿಹಾಯಬೇಡಿ. ಅವಳ ಮನೆಯವರೇ ಎಲ್ಲರಿಗಿಂತ ಹೆಚ್ಚು ಆ ಮೀನು ತಿನ್ನುವವರು.

ಮಂಡಳಿ ಕದಲದಿದ್ದರೆ ಹಸಿರು ನ್ಯಾಯಮಂಡಳಿ. ಕರ್ನಾಟಕ ಚೆನ್ನೈನ ದಕ್ಷಿಣ ಪೀಠದ ವ್ಯಾಪ್ತಿಗೆ ಬರುತ್ತದೆ. 2010ರ ಕಾಯ್ದೆಯ 14ನೇ ಕಲಮಿನಡಿ ದೂರಿನ ಕಾರಣ ಮೊದಲು ಹುಟ್ಟಿದ 6 ತಿಂಗಳೊಳಗೆ ಹೋಗಬೇಕು, ಸರಿಯಾದ ಕಾರಣ ಕೊಟ್ಟರೆ ಇನ್ನು 60 ದಿನ ಸಿಗಬಹುದು. ಪರಿಹಾರ ಮತ್ತು ಪರಿಸರದ ಪುನಃಸ್ಥಾಪನೆ ಕೇಳುವ 15ನೇ ಕಲಮಿಗೆ 5 ವರ್ಷ. ಮೀನಿನ ವರದಿ, ಮಾದರಿ ತೆಗೆದ ದಿನದ ಫೋಟೊ, ಮಂಡಳಿಗೆ ಕೊಟ್ಟ ದೂರಿನ ಸ್ವೀಕೃತಿ ಇವುಗಳಲ್ಲಿ ದಿನಾಂಕ ಸ್ಪಷ್ಟವಾಗಿರಲಿ, ಒಂದೊಂದು ಪ್ರತಿ ಬೇರೊಬ್ಬರ ಮನೆಯಲ್ಲೂ ಇರಲಿ.